ಹಡಗಿನ ದಾರಿ ಕಾದ ವರ್ಷಗಳು

ಆ ಚೀಲದ ಮೇಲೆ ಎರಡು ಕೈಗಳಿದ್ದವು, ಒಂದನ್ನೊಂದು ಹಿಡಿದ ಕೈಗಳು. ಹಿಂದೆ ಗುರಾಣಿಯ ಆಕಾರದಲ್ಲಿ ನಕ್ಷತ್ರ, ಪಟ್ಟಿ. ಇದು ಅಮೆರಿಕದ ಜನ ಕೊಟ್ಟದ್ದು, ಮಾರುವಂತಿಲ್ಲ, ಅದಲುಬದಲು ಮಾಡುವಂತಿಲ್ಲ ಎಂದು ಇಂಗ್ಲಿಷಿನಲ್ಲಿ ಬರೆದಿತ್ತು. ಅರವತ್ತರ ದಶಕದಲ್ಲಿ ಮೈಸೂರು ರಾಜ್ಯದ ಹಳ್ಳಿ ಶಾಲೆಗಳಲ್ಲಿ ಓದಿದ ಎಷ್ಟೋ ಮಂದಿಗೆ ಅಮೆರಿಕ ಅಂದರೆ ಮೊದಲು ಕಂಡದ್ದು ಈ ಕೈಗಳೇ. ಶಾಲೆಯ ಹಿಂದಿನ ಮೂರು ಕಲ್ಲಿನ ಒಲೆ, ಅದರ ಮೇಲೆ ಮಸಿ ಹಿಡಿದ ಕೊಪ್ಪರಿಗೆ, ಅದರೊಳಗೆ ಹಳದಿ ಬಣ್ಣದ ಉಪ್ಪಿಟ್ಟು. ಪಕ್ಕದಲ್ಲಿ ಬಿಸಿನೀರಿಗೆ ಹಾಲಿನ ಪುಡಿ ಕದಡಿದ ಬಕೆಟ್. ಪುಡಿ ಸರಿಯಾಗಿ ಕರಗದೆ ಗಂಟು ಗಂಟಾಗಿ ತೇಲುತ್ತಿತ್ತು. ಆ ಗಂಟು ಯಾರ ಲೋಟಕ್ಕೆ ಬಿತ್ತು ಎಂಬುದರ ಮೇಲೆ ಹುಡುಗರಲ್ಲಿ ಜಗಳ. ಕೇರ್ ಎಂಬ ಅಮೆರಿಕದ ನೆರವು ಸಂಸ್ಥೆ ಕಳಿಸುತ್ತಿದ್ದುದರಿಂದ ಅದಕ್ಕೆ ಕೇರ್ ಉಪ್ಪಿಟ್ಟು ಎಂದೇ ಹೆಸರಾಯಿತು. ಚೀಲ ಖಾಲಿಯಾದ ಮೇಲೆ ಅದು ಸಂತೆಗೆ ಹೋಗುವ ಕೈಚೀಲ, ಎಣ್ಣೆಯ ಡಬ್ಬ ನೀರು ಸೇದುವ ಡಬ್ಬ.

ಕೊಟ್ಟವರ ಕೈ, ತೆಗೆದುಕೊಂಡವರ ಕೈ ಎಂದು ಚಿತ್ರ ಬರೆದವನ ಮನಸ್ಸಿನಲ್ಲಿದ್ದಿರಬೇಕು. ಆದರೆ ಯಾರ ಕೈ ಯಾರನ್ನು ಹಿಡಿದಿತ್ತು ಎಂಬುದು ಚೀಲ ನೋಡಿದರೆ ತಿಳಿಯುವ ಮಾತಲ್ಲ. ಅದಕ್ಕೆ 1965ರಿಂದ 67ರವರೆಗಿನ ಆ ಎರಡು ವರ್ಷಗಳಿಗೆ ಹೋಗಬೇಕು. ಹಡಗು ಬಂತೇ ಎಂದು ಒಂದು ದೇಶವೇ ಬಂದರಿನ ಕಡೆ ಮುಖ ಮಾಡಿ ಕೂತ ಕಾಲ ಅದು.

ನಮ್ಮಲ್ಲಿ ಬರದ ನೆನಪು ಹೊಸದಲ್ಲ. ಟಿಪ್ಪುವಿನ ಕಾಲದ ಡೋಗಿ ಬರ, ಆಮೇಲೆ 1876ರಿಂದ 78ರವರೆಗಿನ ಧಾತು ಈಶ್ವರ ಬರ. ಆ ಎರಡನೆಯ ಬರದಲ್ಲಿ ಮೈಸೂರು ಸಂಸ್ಥಾನವೊಂದೇ ಸುಮಾರು ಹತ್ತು ಲಕ್ಷ ಜನರನ್ನು ಕಳೆದುಕೊಂಡಿತು; ಅದೇ ಹೊತ್ತಿಗೆ ಇಂಡಿಯಾದ ಬಂದರುಗಳಿಂದ ಧಾನ್ಯ ತುಂಬಿದ ಹಡಗುಗಳು ಇಂಗ್ಲೆಂಡಿನ ಕಡೆ ಹೊರಡುತ್ತಲೇ ಇದ್ದವು. ಸ್ವಾತಂತ್ರ್ಯ ಬಂದ ಮೇಲೆ ಹಡಗಿನ ದಿಕ್ಕು ತಿರುಗಿತು. ತಿರುಗಿದ್ದು ಸಣ್ಣ ಮಾತಲ್ಲ. ಜನ ಸಾಯುತ್ತಿದ್ದರೆ ಸರಕಾರ ಕಣ್ಣು ಮುಚ್ಚಿ ಕೂರುವಂತಿಲ್ಲ, ಎಲ್ಲಿಂದಾದರೂ ತರಲೇಬೇಕು ಎಂಬ ಹೊಣೆ ಮತದಾನದ ಜೊತೆಗೇ ಬಂತು. ಎಲ್ಲಿಂದ ತರುವುದು, ಏನು ಕೊಟ್ಟು ತರುವುದು ಎಂಬುದಷ್ಟೇ ಉಳಿದ ಪ್ರಶ್ನೆ.

ಮೊದಲ ಪಾಠ 1951ರಲ್ಲೇ ಆಯಿತು. ಇಂಡಿಯಾ 20 ಲಕ್ಷ ಟನ್ ಧಾನ್ಯ ಕೇಳಿತು. ಕೊರಿಯಾ ಯುದ್ಧದ ವಿಷಯದಲ್ಲಿ ನೆಹರೂ ಆಡಿದ ಮಾತು ಅಮೆರಿಕದ ಸಂಸದರಿಗೆ ಹಿಡಿಸಿರಲಿಲ್ಲ. ತಿಂಗಳುಗಟ್ಟಲೆ ಚರ್ಚೆ ನಡೆದು, ಕೊನೆಗೆ ಜೂನ್‌ನಲ್ಲಿ ಟ್ರೂಮನ್ ಸಹಿ ಹಾಕಿದಾಗ ಅದು ದಾನವಾಗಿರದೆ 19 ಕೋಟಿ ಡಾಲರಿನ ಸಾಲವಾಗಿತ್ತು. ಈ ಮಧ್ಯೆ ಸೋವಿಯತ್ ಒಕ್ಕೂಟ ಅದಕ್ಕಿಂತ ಎಷ್ಟೋ ಕಡಿಮೆ, 50 ಸಾವಿರ ಟನ್ ಗೋಧಿ ಕಳಿಸಿ, ಮೊದಲು ಬಂದವರು ಎಂಬ ಹೆಸರು ಗಿಟ್ಟಿಸಿಕೊಂಡಿತು. ಹಸಿದವನ ಮನೆಗೆ ಮೊದಲು ಬಂದ ಸೇರು ಆಮೇಲೆ ಬಂದ ಪಲ್ಲಕ್ಕಿಂತ ಹೆಚ್ಚು ನೆನಪಿರುತ್ತದೆ.

ಮೂರು ವರ್ಷ ಕಳೆಯುವಷ್ಟರಲ್ಲಿ ಅಮೆರಿಕಕ್ಕೇ ಬೇರೆ ತಲೆನೋವು. ರೈತರಿಗೆ ಬೆಲೆ ಕಟ್ಟಿಕೊಟ್ಟು ಸರಕಾರವೇ ಕೊಂಡ ಗೋಧಿ ಕಣಜಗಳಲ್ಲಿ ಇಡಲು ಜಾಗವಿಲ್ಲದಷ್ಟು ತುಂಬಿತು. ಕಾಯುವುದಕ್ಕೇ ಖರ್ಚು. ಆಗ ಹುಟ್ಟಿದ್ದು 480ನೇ ನಂಬರಿನ ಪಬ್ಲಿಕ್ ಲಾ. 1954ರ ಜುಲೈ 10ರಂದು ಐಸೆನ್‌ಹೋವರ್ ಸಹಿ ಹಾಕಿದರು. ಡಾಲರು ಇಲ್ಲದ ದೇಶಗಳು ತಮ್ಮ ನಾಣ್ಯದಲ್ಲೇ ದುಡ್ಡು ಕೊಟ್ಟು ಅಮೆರಿಕದ ಧಾನ್ಯ ಕೊಳ್ಳಬಹುದು ಎಂಬುದು ಅದರ ತಿರುಳು. 1956ರ ಆಗಸ್ಟಿನಲ್ಲಿ ಇಂಡಿಯಾ ಮೊದಲ ಒಪ್ಪಂದ ಮಾಡಿಕೊಂಡಿತು. ನಮ್ಮ ಪತ್ರಿಕೆಗಳಲ್ಲಿ ‘ಪಿ.ಎಲ್. 480’ ಎಂಬ ಮೂರಂಕಿಯ ಹೆಸರು ಹೀಗೆ ಬಂದು ಕೂತದ್ದು.

ರೂಪಾಯಿಯಲ್ಲಿ ಕೊಳ್ಳುವುದೆಂದರೇನು? ಅಂಗಡಿಯವನು ಮೂಟೆ ಇಳಿಸಿ, ದುಡ್ಡನ್ನು ನಿಮ್ಮ ಮನೆಯ ಪೆಟ್ಟಿಗೆಯಲ್ಲೇ ಇಡಿಸಿ, ಬೀಗದ ಕೈ ಮಾತ್ರ ತಾನು ಸಿಕ್ಕಿಸಿಕೊಂಡು ಹೋದಂತೆ. ಅದರಲ್ಲಿ ಸ್ವಲ್ಪ ತನ್ನ ಖರ್ಚಿಗೆ, ಬಹುಪಾಲು ನಿಮಗೇ ಸಾಲ, ಅಷ್ಟಿಷ್ಟು ಅನುದಾನ. ಆ ರೂಪಾಯಿಯನ್ನು ಅವನು ಊರಾಚೆ ತೆಗೆದುಕೊಂಡು ಹೋಗುವಂತಿಲ್ಲ, ಹೋದರೂ ಅಲ್ಲಿ ನಡೆಯುವುದಿಲ್ಲ. ಎರಡೂ ಕಡೆಯವರಿಗೆ ಇದು ಪುಕ್ಕಟೆ ಎನ್ನಿಸಿತು. ಹಾಗಲ್ಲ ಎಂದವರು ಕಡಿಮೆ. ಅವರಲ್ಲಿ ಒಬ್ಬರು ಆಗಿನ ದಕ್ಷಿಣ ಕನ್ನಡ ಜಿಲ್ಲೆಯ ಬೆಳ್ಳಿಕೋತಿನಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಬಿ.ಆರ್. ಶೆಣೈ. ಎರಡನೇ ಪಂಚವಾರ್ಷಿಕ ಯೋಜನೆಗೆ 1955ರಲ್ಲಿ ಒಬ್ಬರೇ ಭಿನ್ನಮತದ ಟಿಪ್ಪಣಿ ಬರೆದಿದ್ದ ಈ ಮನುಷ್ಯ, ಪಿ.ಎಲ್. 480ರ ರೂಪಾಯಿ ಬೆಲೆ ಏರಿಕೆಗೆ ದಾರಿ, ಅದರ ಗೋಧಿ ನಮ್ಮ ರೈತನ ಬೆಲೆಗೆ ಪೆಟ್ಟು ಎಂದು ವಾದಿಸುತ್ತ ಬಂದರು. ದಿಲ್ಲಿ ಕೇಳಲಿಲ್ಲ. 1960ರ ಮೇ ತಿಂಗಳಲ್ಲಿ ಆಹಾರ ಮಂತ್ರಿ ಎಸ್.ಕೆ. ಪಾಟೀಲ್ ವಾಷಿಂಗ್ಟನ್ನಿಗೆ ಹೋಗಿ ನಾಲ್ಕು ವರ್ಷಕ್ಕೆ 1.6 ಕೋಟಿ ಟನ್ ಗೋಧಿ, 10 ಲಕ್ಷ ಟನ್ ಅಕ್ಕಿಯ ಒಪ್ಪಂದಕ್ಕೆ ಸಹಿ ಹಾಕಿ ಬಂದರು. ಶೆಣೈಯವರ ಎಲ್ಲ ವಾದವನ್ನೂ ಒಪ್ಪಬೇಕಿಲ್ಲ; ಆ ಗೋಧಿ ಪೇಟೆಯ ಬಡವರ ಹೊಟ್ಟೆ ತುಂಬಿಸಿದ್ದು ಸುಳ್ಳಲ್ಲ. ಆದರೆ ನಾಲ್ಕು ವರ್ಷ ಹಡಗು ನಲ್ಲಿಯ ನೀರಿನ ಹಾಗೆ ಬಂದದ್ದರಿಂದ ಬಾವಿ ತೋಡುವ ಅವಸರ ಯಾರಿಗೂ ಇರಲಿಲ್ಲ ಎಂಬುದೂ ಅಷ್ಟೇ ನಿಜ.

ನೆಹರೂ 1964ರ ಮೇ 27ರಂದು ತೀರಿಕೊಂಡರು. ಮುಂದಿನ ಪ್ರಧಾನಿ ಶಾಸ್ತ್ರಿಯವರ ಸಂಪುಟದಲ್ಲಿ ಆಹಾರ ಖಾತೆ ಹೊತ್ತವರು ಉಕ್ಕು ಖಾತೆಯಿಂದ ಬಂದ ಸಿ. ಸುಬ್ರಮಣಿಯಂ. ಅವರು ಕೂತ ಗಳಿಗೆಯಲ್ಲೇ ಧಾನ್ಯದ ಬೆಲೆ ಏರುತ್ತಿತ್ತು, ಊರೂರಿನಲ್ಲಿ ರೇಷನ್ ಅಂಗಡಿ ಮುಂದೆ ಸಾಲು. ರಾಜ್ಯ ರಾಜ್ಯಗಳ ನಡುವೆ ಧಾನ್ಯ ದಾಟಿಸದಂತೆ ವಲಯಗಳ ಬೇಲಿ. ಮಂತ್ರಿ ಹೇಳಿದ್ದು ಸರಳ: ರೈತನಿಗೆ ಬೆಲೆ ಕಟ್ಟಿಕೊಡಿ, ಗೊಬ್ಬರ ಕೊಡಿ, ಹೊಸ ಬೀಜ ಕೊಡಿ, ವಿಜ್ಞಾನಿಗಳನ್ನು ಕಡತದ ಕೆಳಗಿಂದ ಬಿಡಿಸಿ. 1965ರ ಜನವರಿಯಲ್ಲಿ ಭಾರತ ಆಹಾರ ನಿಗಮ, ಕೃಷಿ ಬೆಲೆ ಆಯೋಗ ಎರಡೂ ಬಂದವು. ಗೊಬ್ಬರಕ್ಕೆ ವಿದೇಶಿ ವಿನಿಮಯ ಬೇಕು ಎಂದಾಗ ಹಣಕಾಸು ಮಂತ್ರಿ ಟಿ.ಟಿ. ಕೃಷ್ಣಮಾಚಾರಿ ಕೊಡಲೊಲ್ಲರು. ಇದು ದೊಡ್ಡ ರೈತರ ನೀತಿ ಎಂದು ಎಡಪಕ್ಷಗಳು ಸಿಡುಕಿದವು. ಆ ಸಿಡುಕಿನಲ್ಲಿ ಹುರುಳಿರಲಿಲ್ಲ ಎಂದು ನಾನಂತೂ ಹೇಳಲಾರೆ. ನೀರಿದ್ದವನ ಹೊಲಕ್ಕೇ ಗೊಬ್ಬರ ಹೋಯಿತು, ಮಳೆ ನಂಬಿದವನು ಹಿಂದೆ ಉಳಿದ.

ಅಷ್ಟರಲ್ಲಿ ಮಳೆ ಕೈಕೊಟ್ಟಿತು. 1964-65ರಲ್ಲಿ 8.94 ಕೋಟಿ ಟನ್ ಬೆಳೆದಿದ್ದ ದೇಶ ಮರುವರ್ಷ 7.23 ಕೋಟಿ ಟನ್ನಿಗೆ ಕುಸಿಯಿತು. ಐದು ಮೂಟೆ ಬರುತ್ತಿದ್ದ ಮನೆಗೆ ನಾಲ್ಕೇ ಬಂದಂತೆ ಲೆಕ್ಕ. ಅದೇ ವರ್ಷ ಸೆಪ್ಟೆಂಬರಿನಲ್ಲಿ ಪಾಕಿಸ್ತಾನದ ಜೊತೆ ಯುದ್ಧ. ಅಮೆರಿಕ ನೆರವು ತಡೆಹಿಡಿಯಿತು. ಸೋಮವಾರ ರಾತ್ರಿ ಒಪ್ಪೊತ್ತು ಬಿಡಿ ಎಂದು ಶಾಸ್ತ್ರಿ ಕೇಳಿದರು. ಹೋಟೆಲುಗಳೂ ಸೋಮವಾರ ಸಂಜೆ ಬಾಗಿಲು ಹಾಕಿದವು. ಸೋಮವಾರ ಉಪವಾಸ ನಮ್ಮ ಹೆಂಗಸರಿಗೆ ಹೊಸದೇನಲ್ಲ, ಶಿವನ ಹೆಸರಿನಲ್ಲಿ ಮಾಡುತ್ತಿದ್ದದ್ದನ್ನು ಈಗ ಸರಕಾರದ ಹೆಸರಿನಲ್ಲೂ ಮಾಡಿದರು.

ವಾಷಿಂಗ್ಟನ್ನಿನಲ್ಲಿ ಲಿಂಡನ್ ಜಾನ್ಸನ್ ಇದ್ದರು. ಟೆಕ್ಸಾಸಿನ ದನಗಾಹಿ ನಾಡಿನ ಮನುಷ್ಯ. ನಾಲ್ಕು ವರ್ಷದ ಒಪ್ಪಂದದ ಕಾಲ ಮುಗಿದಿತ್ತು. ಇನ್ನು ಮೇಲೆ ಒಂದೆರಡು ತಿಂಗಳಿಗೆ ಸಾಕಾಗುವಷ್ಟೇ ಗೋಧಿ, ಆಮೇಲಿನದನ್ನು ಆಮೇಲೆ ನೋಡೋಣ ಎಂದರು. ‘ಗಿಡ್ಡ ಹಗ್ಗ’ ಎಂದು ಅವರ ಅಧಿಕಾರಿಗಳೇ ಈ ನೀತಿಗೆ ಹೆಸರಿಟ್ಟಿದ್ದರು. ಗೂಟಕ್ಕೆ ಕಟ್ಟಿದ ದನಕ್ಕೆ ಹಗ್ಗ ಎಷ್ಟು ಉದ್ದವೋ ಮೇವೂ ಅಷ್ಟೇ ದೂರದ್ದು. ಹಳ್ಳಿಯಲ್ಲಿ ಬೆಳೆದ ಯಾರಿಗೂ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪ್ರತಿ ಕಂತಿನ ಗೋಧಿಗೂ ಅಧ್ಯಕ್ಷರದೇ ಒಪ್ಪಿಗೆ ಬೇಕು. ಕಡತ ಅವರ ಮೇಜಿಗೆ ಹೋಗುವುದು, ಅಲ್ಲೇ ಕೂರುವುದು. ಇಂಡಿಯಾದಲ್ಲಿ ಎಲ್ಲಿ ಮಳೆ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬ ವರದಿಯನ್ನೂ ಅವರೇ ತರಿಸಿಕೊಂಡು ನೋಡುತ್ತಿದ್ದರು. ನಮ್ಮ ಕೆರೆಗಳ ನೀರಿನ ಮಟ್ಟದ ಲೆಕ್ಕ ಸಾವಿರಾರು ಮೈಲಿ ಆಚೆಯ ಒಂದು ಮೇಜಿನ ಮೇಲೆ!

ಹಗ್ಗದ ಉದ್ದೇಶ ಎರಡು. ಒಂದು, ಇಂಡಿಯಾ ತನ್ನ ಬೇಸಾಯವನ್ನು ಸರಿಮಾಡಿಕೊಳ್ಳಲಿ. ಎರಡನೆಯದನ್ನು ಬಾಯಿಬಿಟ್ಟು ಹೇಳುತ್ತಿರಲಿಲ್ಲ: ವಿಯೆಟ್ನಾಂ ಬಗ್ಗೆ ದಿಲ್ಲಿ ಸ್ವಲ್ಪ ನಾಲಿಗೆ ಬಿಗಿಹಿಡಿಯಲಿ. ಮೊದಲನೆಯದರಲ್ಲಿ ಒಂದು ವಿಚಿತ್ರವಿದೆ. 1965ರ ನವೆಂಬರಿನಲ್ಲಿ ರೋಮ್‌ನಲ್ಲಿ ವಿಶ್ವಸಂಸ್ಥೆಯ ಕೃಷಿ ಸಮ್ಮೇಳನ ನಡೆದಿತ್ತು. ಅಲ್ಲಿ ಅಮೆರಿಕದ ಕೃಷಿ ಮಂತ್ರಿ ಆರ್ವಿಲ್ ಫ್ರೀಮನ್, ಸುಬ್ರಮಣಿಯಂ ಇಬ್ಬರೂ ಗುಟ್ಟಾಗಿ ಕೂತು ಒಪ್ಪಂದ ಬರೆದರು. ಗೊಬ್ಬರಕ್ಕೆ ಹೆಚ್ಚು ಹಣ, ಬೀಜಕ್ಕೆ ಹೆಚ್ಚು ಹಣ, ಬೇಸಾಯಕ್ಕೆ ಯೋಜನೆಯಲ್ಲಿ ಮುಂದಿನ ಸಾಲು: ಅಮೆರಿಕದ ಷರತ್ತುಗಳೆಂದು ಅದರಲ್ಲಿದ್ದವೆಲ್ಲ ಸುಬ್ರಮಣಿಯಂ ಒಂದು ವರ್ಷದಿಂದ ತಮ್ಮದೇ ಸಂಪುಟದಲ್ಲಿ ಕೇಳುತ್ತಿದ್ದವು. ಮನೆಯಲ್ಲಿ ನಡೆಯದ ಮಾತನ್ನು ನೆಂಟರ ಬಾಯಲ್ಲಿ ಹೇಳಿಸುವ ಜಾಣತನ ನಮಗೇನು ಗೊತ್ತಿಲ್ಲದ್ದೇ? ಡಿಸೆಂಬರಿನಲ್ಲಿ ಜಾನ್ಸನ್ 15 ಲಕ್ಷ ಟನ್ ಬಿಟ್ಟರು. ಹಗ್ಗವೇ ಇಂಡಿಯಾಕ್ಕೆ ಬುದ್ಧಿ ಕಲಿಸಿತು ಎಂದು ಈಗಲೂ ಬರೆಯುವವರಿದ್ದಾರೆ. ಆ ಬುದ್ಧಿ ಮೊದಲೇ ಇತ್ತು, ಹಗ್ಗ ಅದಕ್ಕೆ ಬಹುಮತ ಕೂಡಿಸಿಕೊಟ್ಟಿತು.

1966ರ ಜನವರಿ 11ರಂದು ತಾಷ್ಕೆಂಟಿನಲ್ಲಿ ಶಾಸ್ತ್ರಿ ತೀರಿಕೊಂಡರು. ಮಾರ್ಚ್ ಕೊನೆಗೆ ಹೊಸ ಪ್ರಧಾನಿ ಇಂದಿರಾ ಗಾಂಧಿ ವಾಷಿಂಗ್ಟನ್ನಿಗೆ ಬಂದಾಗ ಜಾನ್ಸನ್ ಉಬ್ಬಿಹೋದರು. ಇನ್ನೂ 35 ಲಕ್ಷ ಟನ್ ಕೊಡಲು ತಮ್ಮ ಸಂಸತ್ತನ್ನು ಕೇಳಿದರು. ಜೂನ್ 6ರಂದು ರೂಪಾಯಿಯ ಬೆಲೆ ಇಳಿಯಿತು, ಡಾಲರಿಗೆ 4.76 ಇದ್ದದ್ದು 7.50. ನೆರವು ಹರಿದುಬರುತ್ತದೆ ಎಂಬ ಭರವಸೆಯ ಮೇಲೆ ಮಾಡಿದ ಕೆಲಸ, ಭರವಸೆಯಷ್ಟು ಬರಲಿಲ್ಲ. ಜುಲೈಯಲ್ಲಿ ಇಂದಿರಾ ಮಾಸ್ಕೋಗೆ ಹೋಗಿ ವಿಯೆಟ್ನಾಂ ಮೇಲಿನ ಬಾಂಬ್ ದಾಳಿಯನ್ನು ಖಂಡಿಸಿದ ಹೇಳಿಕೆಗೆ ದನಿಗೂಡಿಸಿದರು. ಆಗಸ್ಟಿನಿಂದ ವಾಷಿಂಗ್ಟನ್ನಿನ ಮೇಜಿನ ಮೇಲೆ ಕಡತ ಮತ್ತೆ ನಿಂತಿತು.

ಆ ವರ್ಷ ಬಂದರುಗಳಲ್ಲಿ ಏನು ನಡೆಯಿತೆಂದು ಸ್ವಲ್ಪ ನಿಂತು ನೋಡಬೇಕು. 1966ರಲ್ಲಿ ಇಂಡಿಯಾ ಆಮದು ಮಾಡಿಕೊಂಡ ಧಾನ್ಯ ಒಂದು ಕೋಟಿ ಟನ್ನಿಗೂ ಮೇಲೆ. ಹಡಗೊಂದಕ್ಕೆ 15 ಸಾವಿರ ಟನ್ ಎಂದಿಟ್ಟುಕೊಂಡರೂ ದಿನಕ್ಕೆ ಎರಡು ಹಡಗು, ಭಾನುವಾರ ಹಬ್ಬಹರಿದಿನ ಬಿಡದೆ. ಎಣ್ಣೆ ಸಾಗಿಸುವ ಟ್ಯಾಂಕರುಗಳನ್ನೂ ತೊಳೆದು ಗೋಧಿ ತುಂಬಿಸಿದ್ದರು. ಗೋಧಿ ಮೂಟೆಯಲ್ಲಿ ಬರುತ್ತಿರಲಿಲ್ಲ, ಹಡಗಿನ ಹೊಟ್ಟೆಯಲ್ಲಿ ಮರಳಿನ ಹಾಗೆ ಸಡಿಲವಾಗಿ ಬರುತ್ತಿತ್ತು. ಆನೆಯ ಸೊಂಡಿಲಿನಂಥ ಕೊಳವೆ ಇಳಿಬಿಟ್ಟು ಗಾಳಿಯ ಬಲದಿಂದ ಮೇಲಕ್ಕೆ ಹೀರಬೇಕು. ದಡದಲ್ಲಿ ಅದು ಸೆಣಬಿನ ಚೀಲಕ್ಕೆ ಸುರಿಯಬೇಕು, ದಬ್ಬಣ ಹಿಡಿದವರು ಬಾಯಿ ಹೊಲಿಯಬೇಕು, ಹಮಾಲರು ವ್ಯಾಗನ್ನಿಗೆ ಹೊರಬೇಕು. ಸುತ್ತ ಗೋಧಿಯ ಧೂಳು. ಆ ವ್ಯಾಗನ್ನು ಯಾವ ಊರಿಗೆ ಎಂಬುದು ಮೊದಲೇ ಗೊತ್ತು, ಅಲ್ಲಿ ಅಂಗಡಿಯ ಮುಂದೆ ಸಾಲು ಆಗಲೇ ನಿಂತಿದೆ. ಉಗ್ರಾಣದಲ್ಲಿ ಇಡುವ ಮಾತೇ ಇಲ್ಲ. ಹಡಗಿನಿಂದ ನೇರ ಬಾಯಿಗೆ ಎಂದು ಆಗಿನವರು ಹೇಳುತ್ತಿದ್ದುದು ಉತ್ಪ್ರೇಕ್ಷೆಯಲ್ಲ. ಒಂದು ಕಂತು ತಪ್ಪಿದರೆ ಎರಡು ತಿಂಗಳ ಮೇಲೆ ಎಲ್ಲೋ ಒಂದು ಊರಿನ ಅಂಗಡಿ ಬಾಗಿಲು ತೆರೆಯುವುದಿಲ್ಲ.

ಮುಂಗಾರು ಎರಡನೇ ಸಲವೂ ಹೋಯಿತು. ಈ ಸಲ ಏಟು ಬಿದ್ದದ್ದು ಬಿಹಾರಕ್ಕೆ. ಪಲಾಮು, ಗಯಾ, ಹಜಾರಿಬಾಗ್ ಕಡೆ ಭತ್ತದ ಗದ್ದೆ ಬಿರುಕು ಬಿಟ್ಟು ಕೂತಿತು. ಜಾನ್ಸನ್ನರ ಸಲಹೆಗಾರರೇ ಬಿಡಿ ಎಂದು ಬೇಡಿಕೊಂಡರೂ ಅವರು ತಮ್ಮವರನ್ನು ಕಳಿಸಿ ನೋಡಿಸಿದರು. ಡಿಸೆಂಬರಿನಲ್ಲಿ ಸಂಸದರ ತಂಡ ಬಂತು, ಮುಂದೆ ಅಧ್ಯಕ್ಷ ಪದವಿಗೆ ಸ್ಪರ್ಧಿಸಿದ ಬಾಬ್ ಡೋಲ್ ಅದರಲ್ಲಿದ್ದರು. ಬರ ನಿಜ ಎಂದು ಅವರು ಹೇಳಿದ ಮೇಲೆ 9 ಲಕ್ಷ ಟನ್ ಹೊರಟಿತು. ಬಿಹಾರದಲ್ಲಿ ಜಯಪ್ರಕಾಶ ನಾರಾಯಣರು ಪರಿಹಾರ ಸಮಿತಿ ಕಟ್ಟಿ ಗಂಜಿ ಕೇಂದ್ರ ನಡೆಸುತ್ತಿದ್ದರು. ಶಾಲೆಗಳಲ್ಲಿ ಕೇರ್ ಅಡುಗೆ ಲಕ್ಷಾಂತರ ಮಕ್ಕಳಿಗೆ. 1967ರ ಚುನಾವಣೆಯಲ್ಲಿ ಕಾಂಗ್ರೆಸ್ ಸೋತು, ಹೊಸದಾಗಿ ಬಂದ ಮಹಾಮಾಯಾ ಪ್ರಸಾದ್ ಸಿನ್ಹಾ ಸರಕಾರ ಏಪ್ರಿಲ್ 20ರಂದು ಕ್ಷಾಮ ಎಂಬ ಮಾತನ್ನು ಅಧಿಕೃತವಾಗಿ ಆಡಿತು. ಆ ಪದ ಆಡುವುದಕ್ಕೆ ಹಿಂದಿನ ಸರಕಾರಕ್ಕೆ ಧೈರ್ಯ ಬಂದಿರಲಿಲ್ಲ. 1943ರ ಬಂಗಾಳದಂತೆ ಜನ ಬೀದಿಯಲ್ಲಿ ಸತ್ತು ಬೀಳಲಿಲ್ಲ. ಅಮೆರಿಕದ ಗೋಧಿ ಇರದಿದ್ದರೆ ಬೀಳುತ್ತಿದ್ದರು ಎನ್ನುವುದನ್ನು ಹಗ್ಗದ ಮೇಲೆ ಎಷ್ಟೇ ಸಿಟ್ಟಿದ್ದರೂ ಒಪ್ಪಲೇಬೇಕು.

ಅದೇ 1967ರಲ್ಲಿ ಪ್ಯಾಡಕ್ ಎಂಬ ಅಣ್ಣತಮ್ಮಂದಿರು ಅಮೆರಿಕದಲ್ಲಿ ಒಂದು ಪುಸ್ತಕ ಬರೆದು, 1975ರ ಹೊತ್ತಿಗೆ ಜಗತ್ತಿಗೆ ಕ್ಷಾಮ ಬರುತ್ತದೆ, ಇಂಡಿಯಾ ಉಳಿಯುವ ರೋಗಿಯಲ್ಲ, ಅದಕ್ಕೆ ಗೋಧಿ ಹಾಕುವುದು ದಂಡ ಎಂದರು. ಅವರು ಬರೆಯುತ್ತಿದ್ದ ಹೊತ್ತಿಗೆ ಪಂಜಾಬಿನ ಹೊಲದಲ್ಲಿ ಗಿಡ್ಡ ಗೋಧಿ ಆಗಲೇ ತೆನೆ ಬಿಡುತ್ತಿತ್ತು. ಗೋಧಿ ತಳಿಯ ವಿಜ್ಞಾನಿ ನಾರ್ಮನ್ ಬೋರ್ಲಾಗ್ 1963ರಲ್ಲಿ ಬಂದು ಹೊಲ ನೋಡಿ ಹೋಗಿದ್ದರು. ಎಂ.ಎಸ್. ಸ್ವಾಮಿನಾಥನ್ ಮತ್ತು ಸಂಗಡಿಗರು ಬೀಜ ಪರೀಕ್ಷಿಸಿದ್ದರು. ಮಂತ್ರಿಯೇ ದಿಲ್ಲಿಯ ತಮ್ಮ ಬಂಗಲೆಯ ಹುಲ್ಲುಹಾಸು ಕಿತ್ತು ಹೊಸ ತಳಿ ಬಿತ್ತಿಸಿದ್ದರು. 1966ರಲ್ಲಿ ಮೆಕ್ಸಿಕೋದಿಂದ ಲೆರ್ಮಾ ರೋಹೋ ಮುಂತಾದ ತಳಿಗಳ 18 ಸಾವಿರ ಟನ್ ಬೀಜ ಬಂತು. ತಿನ್ನುವ ಗೋಧಿಯ ನೂರಾರು ಹಡಗುಗಳ ನಡುವೆ ಬಿತ್ತುವ ಗೋಧಿಯದು ಒಂದೆರಡು ಹಡಗಿನಷ್ಟು. 1966-67ರಲ್ಲಿ 1.14 ಕೋಟಿ ಟನ್ ಇದ್ದ ಗೋಧಿ ಮರುವರ್ಷ 1.65 ಕೋಟಿ ಟನ್. ಇಡಲು ಜಾಗವಿಲ್ಲದೆ ಉತ್ತರದಲ್ಲಿ ಶಾಲೆಗೆ ರಜೆ ಕೊಟ್ಟು ಕೊಠಡಿಗಳಲ್ಲಿ ತುಂಬಿದರು. 1968ರ ಜುಲೈಯಲ್ಲಿ ಈ ಗೋಧಿಯ ಹೆಸರಿನಲ್ಲಿ ಅಂಚೆಚೀಟಿಯೂ ಬಂತು. ಸುಬ್ರಮಣಿಯಂ ಮಾತ್ರ ಅದನ್ನು ಮಂತ್ರಿಯಾಗಿ ನೋಡಲಿಲ್ಲ. 1967ರ ಚುನಾವಣೆಯಲ್ಲಿ ಸೋತಿದ್ದರು.

ಗೋಧಿಯ ಈ ಸಂಭ್ರಮದಲ್ಲಿ ಮುದ್ದೆ ಉಣ್ಣುವ ನಾಡಿಗೆ ಸಿಕ್ಕಿದ್ದೇನು? ಬಿಜಾಪುರ, ಧಾರವಾಡದ ಕಡೆ ಗೋಧಿ ಹೊಸದಲ್ಲ. ಮಂಡ್ಯ, ತುಮಕೂರಿನ ಮನೆಗಳಿಗೆ ಅದು ಹಬ್ಬದ ಹೂರಣದ ಕಣಕಕ್ಕೆ, ಇಲ್ಲವೆ ಸಕ್ಕರೆ ಕಾಯಿಲೆಯವರ ಚಪಾತಿಗೆ ಸೇರಿದ್ದು. ರೇಷನ್ ಅಂಗಡಿ ಅದನ್ನು ದಿನದ ತಿಂಡಿಯಾಗಿಸಿತು. ಮೈಸೂರಿನ ಚೆಲುವಾಂಬ ವಿಲಾಸದಲ್ಲಿದ್ದ ಕೇಂದ್ರೀಯ ಆಹಾರ ಸಂಶೋಧನಾಲಯ ಅಮೆರಿಕದ ಗೋಧಿಯ ಜೊತೆ ನಮ್ಮ ಕಡಲೆಕಾಯಿ ಹಿಂಡಿಯ ಹಿಟ್ಟು ಬೆರೆಸಿ ಮಕ್ಕಳಿಗೆ ಬಾಲಾಹಾರ ಎಂಬ ಪುಡಿ ಮಾಡಿತು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ 1964ರಲ್ಲಿ ಶುರುವಾದಾಗ ಬೆನ್ನಿಗೆ ನಿಂತದ್ದು ಅಮೆರಿಕದ ಟೆನೆಸ್ಸಿ ವಿಶ್ವವಿದ್ಯಾಲಯ. ಆದರೆ ರಾಗಿಗೆ ಬೋರ್ಲಾಗ್ ಬರಲಿಲ್ಲ. ಮಂಡ್ಯದ ವಿ.ಸಿ. ಫಾರ್ಮ್‌ನಲ್ಲಿ ಲಕ್ಷ್ಮಣಯ್ಯನವರು ಆಫ್ರಿಕಾದ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿ ವರ್ಷಗಟ್ಟಲೆ ದುಡಿದು ಇಂಡಾಫ್ ತಳಿಗಳನ್ನು ತಂದರು. ರಾಗಿಯ ಹೂ ಎಷ್ಟು ಸಣ್ಣದೆಂದರೆ ಪರಾಗ ಕೂಡಿಸಲು ಕಣ್ಣು ಕೀಲಿಸಿ ಕೂರಬೇಕು. ರೈತರು ಅವರನ್ನು ರಾಗಿ ಬ್ರಹ್ಮ ಎಂದರು. ಅದಕ್ಕೆ ಯಾವ ಹಡಗೂ ಬರಬೇಕಾಗಲಿಲ್ಲ.

ಹಡಗಿನ ಜೊತೆ ಬಂತೆಂದು ಜನ ನಂಬಿರುವ ಇನ್ನೊಂದುಂಟು, ಕಾಂಗ್ರೆಸ್ ಗಿಡ. ಬಿಳಿ ಹೂವಿನ ಪಾರ್ಥೇನಿಯಂ. ಪಿ.ಎಲ್. 480 ಗೋಧಿಯಲ್ಲಿ ಬೀಜ ಬಂದು, ರೈಲು ಹಳಿ ಹಿಡಿದು ಊರೂರು ಸೇರಿತು ಎನ್ನುತ್ತಾರೆ. ಪುಣೆಯಲ್ಲಿ ಅದು ಕಣ್ಣಿಗೆ ಬಿದ್ದದ್ದು 1955ರ ಹೊತ್ತಿಗೆ, ಮೊದಲ ಪಿ.ಎಲ್. 480 ಒಪ್ಪಂದ 1956ರ ಆಗಸ್ಟಿನಲ್ಲಿ. ತಾರೀಖು ಕೂಡಿಬರುವುದಿಲ್ಲ. ಹತ್ತೊಂಬತ್ತನೇ ಶತಮಾನದ ಶುರುವಿನ ಸಸ್ಯಪಟ್ಟಿಯಲ್ಲೇ ಅದರ ಹೆಸರಿದೆ ಎಂಬ ಮಾತೂ ಇದೆ. ಆದರೂ ಜನ ಬಿಡಲೊಲ್ಲರು. ಮನಸ್ಸಿಲ್ಲದೆ ತಿಂದ ಅನ್ನಕ್ಕೆ ಒಂದು ದೂರು ಬೇಕಲ್ಲ. ಅದನ್ನು ತಿನ್ನುವ ಜೀರುಂಡೆಯನ್ನು ಬೆಂಗಳೂರಿನ ತೋಟಗಾರಿಕೆ ಸಂಶೋಧನಾ ಸಂಸ್ಥೆ ಎಂಬತ್ತರ ದಶಕದಲ್ಲಿ ತರಿಸಿ ಬಿಟ್ಟಿತು. ತರಿಸಿದ್ದು ಮೆಕ್ಸಿಕೋದಿಂದ, ಗಿಡ್ಡ ಗೋಧಿ ಬಂದ ದೇಶದಿಂದಲೇ.

1971ರ ಕೊನೆಗೆ, ಬಾಂಗ್ಲಾ ಯುದ್ಧದ ಹೊತ್ತಿನಲ್ಲಿ, ಇನ್ನು ಪಿ.ಎಲ್. 480 ಗೋಧಿ ಬೇಡ ಎಂದು ಇಂಡಿಯಾ ಕೈ ಬಿಡಿಸಿಕೊಂಡಿತು. ಉಳಿದದ್ದು ಬೀಗದ ಪೆಟ್ಟಿಗೆಯ ರೂಪಾಯಿ. ಅದು ಬೆಳೆದು ಬೆಳೆದು ಅಮೆರಿಕಕ್ಕೇ ಮುಜುಗರವಾಗುವಷ್ಟು ಆಗಿತ್ತು. 1974ರ ಫೆಬ್ರವರಿ 18ರಂದು ರಾಯಭಾರಿ ಡೇನಿಯಲ್ ಮೊಯ್ನಿಹಾನ್ ದಿಲ್ಲಿಯಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯ ಕೈಗೆ 1,664 ಕೋಟಿ ರೂಪಾಯಿಯ ಚೆಕ್ ಕೊಟ್ಟರು. ಆವರೆಗೆ ಯಾರೂ ಬರೆಯದಷ್ಟು ದೊಡ್ಡ ಚೆಕ್ಕೆಂದು ಗಿನ್ನೆಸ್ ಪುಸ್ತಕ ಸೇರಿತು. ಇಂಡಿಯಾದ್ದೇ ದುಡ್ಡು ಇಂಡಿಯಾಕ್ಕೆ.

ಆ ರೂಪಾಯಿಯಲ್ಲಿ ಒಂದು ಸಣ್ಣ ಪಾಲು ಬೇರೆ ಕಡೆ ಹೋಗಿತ್ತು. 1962ರಿಂದ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ದಿಲ್ಲಿಯಲ್ಲಿ ಕಚೇರಿ ತೆರೆದು, ಗೋಧಿಯ ರೂಪಾಯಿಯಿಂದ ಇಂಡಿಯಾದ ಎಲ್ಲ ಭಾಷೆಗಳ ಪುಸ್ತಕಗಳನ್ನು ಕೊಂಡು ಹಡಗಿಗೆ ಹಾಕುತ್ತಿತ್ತು. ಕಾದಂಬರಿ, ಕವನ ಸಂಕಲನ, ಮಾಸಪತ್ರಿಕೆ, ಯಾವುದೋ ಸಂಘದ ಸ್ಮರಣ ಸಂಚಿಕೆ, ಏನೂ ಬಿಡದೆ. ಬೆಂಗಳೂರು, ಮೈಸೂರು, ಧಾರವಾಡದ ಮುದ್ರಣಾಲಯಗಳಿಂದ ಹೊರಟ ಕನ್ನಡ ಪುಸ್ತಕಗಳು ಷಿಕಾಗೊ, ವಿಸ್ಕಾನ್ಸಿನ್, ಬರ್ಕ್ಲಿಯ ವಿಶ್ವವಿದ್ಯಾಲಯಗಳ ಕಪಾಟು ಸೇರಿದವು. ನಮ್ಮ ಊರಿನ ಗ್ರಂಥಾಲಯದಲ್ಲಿ ಗೆದ್ದಲು ತಿಂದ ಎಷ್ಟೋ ಪುಸ್ತಕ ಅಲ್ಲಿ ಗಟ್ಟಿ ರಟ್ಟು ಕಟ್ಟಿಸಿಕೊಂಡು ಕೂತಿವೆ. ಸೂಚಿಯಲ್ಲಿ ಹುಡುಕಿದರೆ ಹೆಸರು, ಲೇಖಕ, ಊರು, ಇಸವಿ. ಅದರ ಕೆಳಗೆ ಪಿ.ಎಲ್. 480 ಎಂಬ ಗುರುತು, ಮುಂದೆ ಒಂದು ನಂಬರು.